ಎಡ ಹೆಗಲಿಗೆ ಕ್ಲೋರೈಡ್

ಮಗಳೆದುರು ಕೊಚ್ಚಿಕೊಂಡ ಬಡಾಯಿಯೊಂದು ಬೇಕರಿಯವನನ್ನು ಮೂವತ್ತು ವರ್ಷಗಳ ಬಳಿಕ ರಸಾಯನಶಾಸ್ತ್ರದ ಪ್ರಯೋಗಾಲಯಕ್ಕೆ ಎಳೆತಂದಿತು. "ಹನ್ನೆರಡನೇ ಕ್ಲಾಸಲ್ಲಿ ಲವಣ ಪರೀಕ್ಷೆಗೆ ನಂಗೆ ಮೂವತ್ತಕ್ಕೆ ಮೂವತ್ತು!" ಎಂದು ಅವನು ಹೇಳಿಕೊಳ್ಳದ ದಿನವಿರಲಿಲ್ಲ. ನಂಬಿದ ಮಗಳು ಪೋಷಕರ ದಿನದ ಲವಣ ಗುರುತಿಸುವ ಸ್ಪರ್ಧೆಗೆ ಅವನ ಹೆಸರನ್ನೇ ಮೊದಲು ಬರೆಸಿದ್ದಳು.

ಅದೇ ಶಾಲೆ, ಆಸಿಡ್ ಕಲೆಗಳ ಅದೇ ಮೇಜು, ಕೊಳೆತ ಮೊಟ್ಟೆಯ ಅದೇ ವಾಸನೆ. ಅವನ ಕಣ್ಣು ತೇವವಾಯಿತು. ಹಳೆಯ ನೆನಪಿಗೋ ಅಮೋನಿಯಾಕ್ಕೋ, ಹೇಳುವುದು ಕಷ್ಟ. ಮೂಲೆಯಲ್ಲಿ ಅದೇ ಅಟೆಂಡರ್! ತಲೆ ಹತ್ತಿಯಂತೆ ಬೆಳ್ಳಗಾಗಿದ್ದರೂ ಹೆಗಲ ಮೇಲಿನ ಒರೆಸುಬಟ್ಟೆ ಹಾಗೆಯೇ ಇತ್ತು. ಬೇಕರಿಯವನಿಗೆ ಹೋದ ಜೀವ ಬಂದಂತಾಯಿತು. ಆ ಮೂವತ್ತು ಅಂಕಗಳ ಗುಟ್ಟಿದ್ದದ್ದೇ ಆ ಬಟ್ಟೆಯಲ್ಲಿ: ಎಡ ಹೆಗಲಲ್ಲಿದ್ದರೆ ಕ್ಲೋರೈಡ್, ಬಲದಲ್ಲಿದ್ದರೆ ಸಲ್ಫೇಟ್, ಕೊರಳಲ್ಲಿದ್ದರೆ ಕಾರ್ಬೊನೇಟ್.

ಬಟ್ಟೆ ಎಡಕ್ಕಿತ್ತು. ಎದುರಿಗಿದ್ದ ಬಿಳಿ ಪುಡಿಯನ್ನು ಮುಟ್ಟದೆಯೇ ಅವನು 'ಕ್ಲೋರೈಡ್' ಎಂದು ಬರೆದ.

ಪಕ್ಕದಲ್ಲಿದ್ದ ಇನ್ನೊಬ್ಬ ಸ್ಪರ್ಧಿ, ಊರಿನ ದರ್ಜಿ, ಇಣುಕಿದ. "ಏನ್ರೀ, ಒಂದು ತೊಟ್ಟು ಆಸಿಡ್ ಆದ್ರೂ ಹಾಕಿ ನೋಡ್ರೀ."

"ನೀವು ಗುಂಡಿ ಹೊಲೀರಿ ಸ್ವಾಮಿ. ಇದು ಅನುಭವದ ವಿಷಯ."

ಅಷ್ಟರಲ್ಲಿ ಬಟ್ಟೆ ಬಲಕ್ಕೆ ಹಾರಿತು. ಅವನು ಬರೆದದ್ದನ್ನು ಹೊಡೆದುಹಾಕಿ 'ಸಲ್ಫೇಟ್' ಎಂದು ಬರೆದ. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ಹಾಳೆ ಕೋಳಿ ಕೆದಕಿದ ತಿಪ್ಪೆಯಂತಾಯಿತು. ಕಿಟಕಿಯಾಚೆ ಮಗಳು ಕೆನ್ನೆ ಉಬ್ಬಿಸಿ ಉಬ್ಬಿಸಿ ತೋರಿಸುತ್ತಿದ್ದಳು. ಅಣಕಿಸುತ್ತಿದ್ದಾಳೆಂದು ಅವನು ಮುಖ ತಿರುಗಿಸಿದ.

ರಸಾಯನಶಾಸ್ತ್ರದ ಮೇಡಂ ಬಂದು ಪುಡಿಗೆ ಆಸಿಡ್ ಹನಿಸಿದರು. ನೊರೆ ಬುಸ್ಸೆಂದು ಉಕ್ಕಿತು.

"ಅಡುಗೆ ಸೋಡಾ ಸ್ವಾಮಿ! ದಿನಾ ಹಿಟ್ಟಿಗೆ ಹಾಕೋ ನಿಮಗೇ ಗೊತ್ತಾಗ್ಲಿಲ್ವಾ?"

ಎಲ್ಲರಿಗಿಂತ ಜೋರಾಗಿ ನಕ್ಕವನು ದರ್ಜಿ.

"ಏನಣ್ಣಾ, ಹಿಂಗೆ ಕೈಕೊಟ್ಟೆ?" ಎಂದು ಬೇಕರಿಯವನು ಅಟೆಂಡರನ ಕಿವಿಯಲ್ಲಿ ಗೋಗರೆದ.

"ಅಯ್ಯೋ, ಆ ಸನ್ನೆ ನಿಮ್ಮ ಬ್ಯಾಚಿಗೇ ಮುಗೀತಪ್ಪ. ಈಗ ಭುಜ ನೋವು. ಒದ್ದೆ ಬಟ್ಟೆ ಒಂದೇ ಕಡೆ ಇಟ್ಕೊಳ್ಳೋಕಾಗಲ್ಲ."

ದಾರಿಯಲ್ಲಿ ಮಗಳು ಮತ್ತೊಮ್ಮೆ ಕೇಕಿನಂತೆ ಕೆನ್ನೆ ಉಬ್ಬಿಸಿ ತೋರಿಸಿದಳು. "ನೀವು ಗೆಲ್ಬೇಕು ಅಂತಾನೇ ಮೇಡಂಗೆ ಹೇಳಿ ನಮ್ಮ ಬೇಕರಿ ಸೋಡಾನೇ ತಂದಿದ್ದೆ ಅಪ್ಪಾ" ಎಂದಳು.

"ಎಷ್ಟು ತಂದೆ?"

"ಎಲ್ಲರಿಗೂ ಆಗ್ಬೇಕಲ್ಲ... ಡಬ್ಬಿ ಪೂರ್ತಿ."

ಆ ಸಂಜೆ ಕೇಕುಗಳು ಉಬ್ಬಲಿಲ್ಲ. ಗಿರಾಕಿಯಾಗಿ ಬಂದ ದರ್ಜಿ ಒಂದನ್ನು ಬೆರಳಿನಿಂದ ಒತ್ತಿ ನೋಡಿ ಗಂಭೀರವಾಗಿ ಕೇಳಿದ:

"ಇದು ಕ್ಲೋರೈಡೋ, ಸಲ್ಫೇಟೋ?"