ಗಿರಣಿಯಲ್ಲಿ ನಮ್ಮ ಪಾಳಿ

ಧೈರ್ಯ ಎಂಬುದು ಒಬ್ಬನೇ ಮನುಷ್ಯನಲ್ಲಿ ಎಲ್ಲ ಕಡೆಗೂ ಒಂದೇ ಸಮನಾಗಿ ಇರುವುದಿಲ್ಲ ಎಂದು ನನ್ನ ಅಭಿಪ್ರಾಯ. ನನ್ನನ್ನೇ ತೆಗೆದುಕೊಳ್ಳಿ. ಬೈಲಹೊಂಗಲದ ಹೈಸ್ಕೂಲೊಂದರಲ್ಲಿ ನಾನು ಗಣಿತದ ಮಾಸ್ತರ. ಒಂಬತ್ತನೆಯ ತರಗತಿಯ ಅರವತ್ತು ಹುಡುಗರು ಗದ್ದಲ ಎಬ್ಬಿಸಿದ್ದರೆ ನಾನು ಬೆತ್ತ ಹಿಡಿಯುವುದಿಲ್ಲ, ಕೂಗುವುದೂ ಇಲ್ಲ. ಬಾಗಿಲಲ್ಲಿ ನಿಂತು ಕನ್ನಡಕ ಸರಿಮಾಡಿಕೊಂಡರೆ ಸಾಕು, ಕೊನೆಯ ಬೆಂಚಿನವನೂ ಪುಸ್ತಕ ತೆರೆಯುತ್ತಾನೆ. ಅದೇ ನಾನು ಆದಿತ್ಯವಾರ ಬೆಳಿಗ್ಗೆ ಹಿಟ್ಟಿನ ಗಿರಣಿಯ ಮುಂದೆ ಜೋಳದ ಡಬ್ಬಿ ಇಟ್ಟುಕೊಂಡು ನಿಂತೆನೆಂದರೆ, ಈಗ ಪಾಳಿ ನನ್ನದು ಎಂಬ ಇಷ್ಟೇ ಇಷ್ಟು ಮಾತು ಬಾಯಿಂದ ಹೊರಡುವುದಿಲ್ಲ. ಹನ್ನೊಂದು ವರ್ಷ ಪ್ರಯತ್ನ ಮಾಡಿದ್ದೇನೆ.

ಅದರಲ್ಲೇನು ಅಂಥ ಮಹಾ ಎಂದು ಕೇಳುವವರು ರೊಟ್ಟಿ ಬಡಿಯುವ ಹೆಂಗಸರ ಕೈಯಲ್ಲಿ ಸಿಕ್ಕಿಲ್ಲ. ನಮ್ಮ ಓಣಿಯ ಆಚೆ ಇರುವ ಶಿವಪ್ಪನ ಗಿರಣಿಯಲ್ಲಿ ಖಾರ ಕುಟ್ಟುವುದಕ್ಕೆ ಬೇರೆ ಯಂತ್ರವಿದೆ, ಆದರೆ ಹಿಟ್ಟು ಬೀಸುವುದಕ್ಕೆ ಇರುವುದು ಒಂದೇ. ಜೋಳ, ಗೋದಿ, ಕಡಲೆ ಎಲ್ಲವೂ ಅದರಲ್ಲಿಯೇ ಇಳಿಯಬೇಕು. ನಿಮ್ಮ ಮುಂದಿನವರು ಗೋದಿ ಬೀಸಿಸಿಕೊಂಡಿದ್ದರೆ ಕಲ್ಲಿನ ನಡುವೆ ಉಳಿದ ಅವರ ಹಿಟ್ಟು ಮೊದಲು ನಿಮ್ಮ ಡಬ್ಬಿಗೇ ಬೀಳುತ್ತದೆ. ಜೋಳದ ಹಿಂದೆ ಜೋಳ ಹಾಕಿಸಬೇಕು, ಇದು ಗಿರಣಿಯ ಮೊದಲನೆಯ ಪಾಠ. ನನ್ನ ಹೆಂಡತಿ ಸುನಂದಾ ಮುರಗೋಡದವಳು. ಹಿಟ್ಟನ್ನು ಎರಡು ಬೆರಳಿನಿಂದ ಮುಟ್ಟಿ, "ಯಾರದೋ ಗೋದಿ ಹಿಂದ ಹಾಕಿಸೀರಿ" ಎಂದು ಹೇಳುವಷ್ಟು ಅವಳ ಕೈ ಪಳಗಿದೆ. "ನಮ್ಮ ಮುರಗೋಡದಾಗ ಇಂಥಾ ಹಿಟ್ಟ ಎಮ್ಮಿಗೂ ಹಾಕೂದಿಲ್ಲ" ಎಂದೂ ಸೇರಿಸುತ್ತಾಳೆ. ಮುರಗೋಡದ ಎಮ್ಮೆಗಳು ಅಷ್ಟೊಂದು ಸುಖವಾಗಿವೆಯೇ ಎಂದು ಕೇಳಬೇಕೆಂದು ನನಗೆ ಬಹಳ ಸಲ ಅನ್ನಿಸಿದೆ. ಕೇಳಿಲ್ಲ.

ನನ್ನ ತೊಂದರೆ ಏನೆಂದರೆ, ಯಾರಾದರೂ ಮಾಸ್ತರ್ರ ಎಂದು ಕರೆದರೆ ನನ್ನ ತಲೆ ತಾನಾಗಿಯೇ ಹೂಂ ಎಂದು ಅಲುಗಿಬಿಡುತ್ತದೆ. ಇದು ಗಿರಣಿಯ ಮಾತಷ್ಟೇ ಅಲ್ಲ. ಒಮ್ಮೆ ಯರಗಟ್ಟಿಯಲ್ಲಿ ಬಸ್ಸು ಬಂದಾಗ, ಎಲ್ಲರಂತೆ ನಾನೂ ಕಿಟಕಿಯಿಂದ ಟಾವೆಲ್ ಒಗೆದು ಸೀಟು ಹಿಡಿದೆ. ಒಳಗೆ ಹೋಗಿ ನೋಡಿದರೆ ಒಬ್ಬ ಹಿರಿಯರು ಅದರ ಮೇಲೆ ಕುಳಿತಿದ್ದರು. "ನಿಮ್ಮ ಟಾವೆಲ್ ಏನ್ರಿ ಮಾಸ್ತರ್ರ?" ಎಂದು ಅವರೇ ವಿಚಾರಿಸಿದರು. ಇರಲಿ ಬಿಡ್ರಿ ಎಂದೆ. ಬೈಲಹೊಂಗಲದವರೆಗೆ ನಿಂತುಕೊಂಡು ಬಂದೆ, ಟಾವೆಲನ್ನೂ ಅಲ್ಲಿಯೇ ಬಿಟ್ಟು ಇಳಿದೆ. ಇಂಥವನಿಗೆ ಗಿರಣಿಯಲ್ಲಿ ಎದುರಾಗುವವಳು ನಮ್ಮ ಓಣಿಯ ಗಂಗವ್ವ. ಗಂಗವ್ವನ ದನಿ ಗಿರಣಿಯ ಸದ್ದಿನ ಮೇಲೆ ಕೇಳಿಸುತ್ತದೆ. "ಮಾಸ್ತರ್ರ, ನಂದು ಈಟ ಐತ್ರಿ, ಮುಂದ ಹಾಕಲೇನ್ರಿ?" ಎಂದು ಕೇಳುತ್ತಲೇ ಅವಳು ಡಬ್ಬಿಯನ್ನು ಮುಂದೆ ಇಟ್ಟಿರುತ್ತಾಳೆ. ಆ 'ಈಟ' ಐದು ಕಿಲೋಗೆ ಕಡಿಮೆ ಇದ್ದದ್ದು ನಾನು ನೋಡಿಲ್ಲ.

ಹೀಗೆಯೇ ಒಂದು ವಾರ ಗಂಗವ್ವನ ಕಡಲೆಯ ಹಿಂದೆ ನಮ್ಮ ಜೋಳ ಇಳಿಯಿತು. ಆ ದಿನ ನಮ್ಮ ಮನೆಯ ರೊಟ್ಟಿಗೆ ಬಜಿಯ ವಾಸನೆ. ಸುನಂದಾ ಒಲೆಯ ಮುಂದಿನಿಂದ ತಿರುಗಿ ನೋಡದೆಯೇ, "ಇನ್ನ ಮ್ಯಾಲ ನೀವು ಗಿರಣಿಗೆ ಹೋಗಬ್ಯಾಡ್ರಿ" ಎಂದಳು. ಹಾಗಾದರೆ ಯಾರು ಹೋಗಬೇಕು ಎಂದು ನಾನು ಕೇಳುವಷ್ಟರಲ್ಲಿ, ನೆಲದ ಮೇಲೆ ಬೋರಲು ಮಲಗಿ ಹೋಂವರ್ಕ್ ಬರೆಯುತ್ತಿದ್ದ ನಮ್ಮ ಮಗಳು ಶ್ರೇಯಾ, "ನಾ ಹೋಗ್ತೇನಿ" ಎಂದಳು. ಅವಳಿಗೆ ಎಂಟು ವರ್ಷ. ಮೂರನೆಯ ತರಗತಿ. ನಾನು ನಕ್ಕೆ. ನಗುವ ಮಾತು ಅಲ್ಲವೆಂದು ಸುನಂದಾಳ ಮುಖ ನೋಡಿ ತಿಳಿಯಿತು.

"ಅಲ್ಲ, ಸಣ್ಣ ಹುಡುಗಿ ಐತಿ" ಎಂದೆ.

"ನಲವತ್ತೆರಡು ವರ್ಷದವರು ಹೋಗಿ ಬಂದದ್ದ ನೋಡೇನಲ್ಲ" ಎಂದಳು.

ಮುಂದಿನ ಆದಿತ್ಯವಾರವೇ ಮುಹೂರ್ತ ಕೂಡಿಬಂತು. ಅದೂ ಎಂಥ ಆದಿತ್ಯವಾರ! ಮುರಗೋಡದಿಂದ ನಮ್ಮ ಅತ್ತೆ, ಅಂದರೆ ಸುನಂದಾಳ ತಾಯಿ, ಮಧ್ಯಾಹ್ನದ ಊಟಕ್ಕೆ ಬರುವವರಿದ್ದರು. ರೊಟ್ಟಿಯ ವಿಷಯದಲ್ಲಿ ಮಗಳಿಗಿಂತ ತಾಯಿ ಇನ್ನೂ ಕಟ್ಟುನಿಟ್ಟು. ಬಜಿಯ ವಾಸನೆ ಅವರ ಮೂಗಿಗೆ ಬಿದ್ದರೆ ಅದು ಮುರಗೋಡದ ತುಂಬ ಹರಡುತ್ತದೆ, ಮತ್ತು ಅದರ ಜೊತೆಗೆ ನನ್ನ ಹೆಸರೂ ಹೋಗುತ್ತದೆ. ಇಂಥ ದಿನ ಮೂರು ಕಿಲೋ ಜೋಳದ ಡಬ್ಬಿಯನ್ನು ತನ್ನ ಸಣ್ಣ ಸೈಕಲ್ಲಿನ ಮುಂದಿನ ಬುಟ್ಟಿಯಲ್ಲಿ ಇಟ್ಟುಕೊಂಡು, ಸೈಕಲ್ಲು ನೂಕುತ್ತ ಶ್ರೇಯಾ ಹೊರಟಳು. "ಜ್ವಾಳದ ಹಿಂದ ಜ್ವಾಳ. ಯಾರಿಗೂ ಪಾಳಿ ಬಿಡಬ್ಯಾಡ. ಅಪ್ಪನಂಗ ಹೂಂ ಅನಬ್ಯಾಡ" ಎಂದು ತಾಯಿ ಕಲಿಸಿಕೊಟ್ಟಳು. ಮೂರನೆಯ ಸೂಚನೆಯ ಅಗತ್ಯವಿರಲಿಲ್ಲ ಎಂದು ನನಗೆ ಅನ್ನಿಸಿತು.

ಅವಳು ಓಣಿಯ ತಿರುವು ದಾಟಿದ ಮೇಲೆ ನಾನು ಚಪ್ಪಲಿ ಮೆಟ್ಟಿದೆ. ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಟ್ರ್ಯಾಕ್ಟರಿನ ಹೆದರಿಕೆ, ನಾಯಿಯ ಹೆದರಿಕೆ, ಎಲ್ಲಕ್ಕಿಂತ ಹೆಚ್ಚಾಗಿ ಗಂಗವ್ವನ ಹೆದರಿಕೆ. ನನ್ನ ಮಗಳು ಅಲ್ಲಿ ದೊಡ್ಡವರ ಕಾಲಸಂದಿಯಲ್ಲಿ ಡಬ್ಬಿ ಹಿಡಿದುಕೊಂಡು, ನನ್ನ ಹಾಗೆ ಬಾಯಿ ಬರದೆ ನಿಲ್ಲುವುದು ಕಣ್ಣಿಗೆ ಕಟ್ಟುತ್ತಿತ್ತು. ಆ ಗುಣ ನನ್ನಿಂದ ಅವಳಿಗೆ ಇಳಿದಿದ್ದರೆ ಅದು ನನ್ನ ತಪ್ಪೇ ಅಲ್ಲವೆ? ಆದ್ದರಿಂದ ದೂರದಿಂದ, ಕಾಣಿಸಿಕೊಳ್ಳದೆ, ವಿದ್ಯುತ್ ಕಂಬ ಒಂದಾದ ಮೇಲೆ ಒಂದರಂತೆ ಮರೆಮಾಡಿಕೊಂಡು ಹಿಂಬಾಲಿಸಿದೆ. ಕಂಬಗಳು ನನಗಿಂತ ತೆಳ್ಳಗೆ ಇದ್ದವೆಂಬುದು ಆಗ ಹೊಳೆಯಲಿಲ್ಲ.

ಅರ್ಧ ದಾರಿಯಲ್ಲಿ ಟೇಲರ್ ದಸ್ತಗೀರಸಾಬರ ಅಂಗಡಿ. ಶ್ರೇಯಾ ಅಲ್ಲಿ ಒಂದು ಕ್ಷಣ ನಿಂತು, ಒಳಗೆ ಏನೋ ಹೇಳಿ ಮುಂದೆ ಹೋದದ್ದು ಕಂಡಿತು. ಹುಡುಗಿಗೆ ದೊಡ್ಡವರನ್ನು ಮಾತಾಡಿಸುವ ಪದ್ಧತಿ ಗೊತ್ತಿದೆ ಎಂದು ಹೆಮ್ಮೆಯಾಯಿತು. ನಾನು ಅಂಗಡಿಯ ಮುಂದೆ ಬರುವಷ್ಟರಲ್ಲಿ ದಸ್ತಗೀರಸಾಬರು ಮೆಟ್ಟಿಲಿಳಿದು ಬಂದು ರಟ್ಟೆ ಹಿಡಿದರು.

"ಬರ್ರಿ ಮಾಸ್ತರ್ರ, ಚಾ ಕುಡದ ಹೋಗ್ರಿ."

"ಈಗ ಬ್ಯಾಡ್ರಿ, ಸ್ವಲ್ಪ ಕೆಲಸ ಐತಿ."

"ನಮ್ಮ ಅಂಗಡ್ಯಾಗಿನ ಚಾ ನಿಮಗ ಬ್ಯಾಡೇನ್ರಿ ಹಂಗಾರ?"

ನಮ್ಮ ಕಡೆ ಈ ಪ್ರಶ್ನೆಗೆ ಉತ್ತರವಿಲ್ಲ. ಕುಳಿತೆ. ಚಹಾ ಬರುವುದಕ್ಕೆ ಹತ್ತು ನಿಮಿಷ ಹಿಡಿಯಿತು, ಆರುವುದಕ್ಕೆ ಐದು. ಕುಡಿದು ಏಳುವಷ್ಟರಲ್ಲಿ ಅವರಿಗೆ ಹೊಲಿಯಲು ಕೊಟ್ಟಿದ್ದ ನನ್ನ ಪ್ಯಾಂಟಿನ ನೆನಪಾಯಿತು. "ನಿಮ್ಮ ಅಳತಿ ಮತ್ತ ತಗೋಬೇಕ್ರಿ. ಹ್ವಾದ ವರ್ಷದ್ದ ನಡಿಯೂದಿಲ್ಲ" ಎಂದು ಟೇಪನ್ನು ನನ್ನ ಸೊಂಟದ ಸುತ್ತ ಹಾಕಿದರು. ಹಾಕಿದವರು ತೆಗೆಯಲೇ ಇಲ್ಲ. ಸೊಂಟ ಅಳೆದರು, ಕಾಲು ಅಳೆದರು, ಮತ್ತೆ ಸೊಂಟಕ್ಕೆ ಬಂದರು. ಬರೆದುಕೊಳ್ಳಲು ಪೆನ್ಸಿಲ್ ಹುಡುಕಿದರು. ಪೆನ್ಸಿಲ್ ಅವರ ಕಿವಿಯ ಮೇಲೆಯೇ ಇತ್ತು. ನಾನು ಎರಡೂ ಕೈ ಎತ್ತಿ ನಿಂತಿದ್ದಾಗ, ಗಿರಣಿಯ ಕಡೆಯಿಂದ ಶ್ರೇಯಾ ಸೈಕಲ್ಲು ತುಳಿಯುತ್ತ ಬಂದಳು. ಬುಟ್ಟಿಯಲ್ಲಿ ಡಬ್ಬಿ, ಹುಬ್ಬಿನ ಮೇಲೆ ಹಿಟ್ಟು. ಅಂಗಡಿಯ ಮುಂದೆ ಎರಡು ಸಲ ಗಂಟೆ ಬಾರಿಸಿ, ನಿಲ್ಲದೆ ಹೊರಟುಹೋದಳು.

ದಸ್ತಗೀರಸಾಬರು ತಕ್ಷಣ ಟೇಪು ಸುತ್ತಿಟ್ಟರು. "ಆತ್ರಿ ಮಾಸ್ತರ್ರ, ಇನ್ನ ನಡೀರಿ."

"ಅಳತಿ ಬರಕೊಳ್ಳಲಿಲ್ಲಲ್ರಿ?"

"ನಿಮ್ಮ ಅಳತಿ ನನ್ನ ಕಡೆ ಮೊದಲ ಐತ್ರಿ" ಎಂದು ಅವರು ಮನಸ್ಸು ಬಿಚ್ಚಿ ನಕ್ಕರು. "ನಿಮ್ಮ ಮಗಳು ಹೇಳಿ ಹ್ವಾದ್ಲು. 'ಚಾಚಾ, ನಮ್ಮಪ್ಪ ಕಂಬದ ಹಿಂದ ಹಿಂದ ಬರಾಕತ್ತಾನ. ಗಿರಣ್ಯಾಗ ಬಂದ್ರ ಎಲ್ಲಾರಿಗೂ ಪಾಳಿ ಬಿಟ್ಟಕೊಡತಾನ. ನಾ ಹೊಳ್ಳಿ ಬರೂತನಾ ಹಿಡಕೋರಿ' ಅಂದ್ಲು. ನಾ ಏನ ಮಾಡ್ಲಿ ಹೇಳ್ರಿ?"

ಅವಮಾನವಾಗಬೇಕಾಗಿತ್ತು. ಆಗಲಿಲ್ಲ. ಮನೆಯವರೆಗೂ ಒಬ್ಬನೇ ನಗುತ್ತ ಬಂದೆ. ಎದುರಿಗೆ ಬಂದವರು ಏನೆಂದುಕೊಂಡರೋ ಗೊತ್ತಿಲ್ಲ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಅತ್ತೆಯವರು ಮೊದಲನೆಯ ರೊಟ್ಟಿಯನ್ನು ಮುರಿದು, ಮೂಸಿ, ಬಾಯಿಗಿಟ್ಟು, "ಹಿಟ್ಟ ಛಲೋ ಐತಿ. ಯಾರ ಹೋಗಿದ್ರು ಗಿರಣಿಗೆ?" ಎಂದು ಕೇಳಿದರು. ಸುನಂದಾ ಬಾಯಿ ತೆರೆಯುವ ಮೊದಲೇ ಹೊಸ್ತಿಲ ಆಚೆಯಿಂದ ಗಂಗವ್ವನ ದನಿ ಕೇಳಿತು. ನನ್ನ ಕೈಯ ತುತ್ತು ಕೈಯಲ್ಲಿಯೇ ಉಳಿಯಿತು. ಜಗಳಕ್ಕೆ ಬಂದಳೆಂದೇ ತಿಳಿದೆ.

"ಏನ್ ಹುಡುಗಿನ್ನ ಹಡದೀಯ ಸುನಂದಾ!" ಎಂದು ಅವಳು ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಂತಳು. "ನಾ ಗೋದಿ ಡಬ್ಬಿ ಮುಂದ ಇಟ್ಟೆ. ಈಟ ಐತಿ ಅಂದೆ. ಅದಕ್ಕ ಇಕಿ, 'ಅಜ್ಜಿ, ಈಟ ಇದ್ರ ಕಡೀಗಿ ಹಾಕ್ರಿ, ಲಗೂ ಮುಗೀತೈತಿ' ಅಂದ್ಲು! ಅಷ್ಟಕ್ಕ ಬಿಡಲಿಲ್ಲವಾ. ಜ್ವಾಳದ ಡಬ್ಬಿ ಎಲ್ಲಾ ಒಂದ ಕಡೆ ಸರಿಸಿದ್ಲು, ಗೋದಿವು ಎಲ್ಲಾ ಒಂದ ಕಡೆ. 'ಮೊದಲ ಜ್ವಾಳ, ಆಮ್ಯಾಲ ಗೋದಿ, ಹಂಗ ಮಾಡಿದ್ರ ಯಾರದೂ ಕೆಡೂದಿಲ್ಲ' ಅಂತ. ಗಿರಣಿ ಶಿವಪ್ಪ ಇಷ್ಟ ವರ್ಷದಾಗ ಇದ ನನಗ ಹೊಳೀಲಿಲ್ಲಲ್ಲ ಅಂತ ಹಣಿ ಹಣಿ ಬಡಕೊಂಡ."

"ನಿಮ್ಮ ಗೋದಿ ಹೆಂಗ ಬಂತ್ರಿ?" ಎಂದು ಸುನಂದಾ ಹೆದರುತ್ತ ಕೇಳಿದಳು.

"ಗೋದಿ ಹಿಂದ ಗೋದಿ ಬಿತ್ತಲ್ಲ, ಇಂಥಾ ಹಿಟ್ಟ ನಾ ಕಂಡೇ ಇಲ್ಲ. ಅದನ್ನ ಹೇಳಾಕ ಬಂದೆ" ಎಂದು ಗಂಗವ್ವ ಶ್ರೇಯಾಳ ಕೈಯಲ್ಲಿ ಒಂದು ಶೇಂಗಾ ಉಂಡಿ ಇಟ್ಟಳು. ಅತ್ತೆಯವರು ಮೊಮ್ಮಗಳನ್ನು ಹತ್ತಿರ ಕರೆದು ದೃಷ್ಟಿ ತೆಗೆದರು. "ನಮ್ಮ ಮುರಗೋಡದ ರಕ್ತ" ಎಂದರು. ನನ್ನ ಮನಸ್ಸಿನಲ್ಲಿ ಬೇರೆ ಲೆಕ್ಕ ನಡೆದಿತ್ತು. ಒಂದೇ ಜಾತಿಯ ವಸ್ತುಗಳನ್ನು ಒಂದು ಕಡೆ ಕೂಡಿಸುವ ಗಣಗಳ ಪಾಠವನ್ನು ನಾನು ಪ್ರತಿ ವರ್ಷ ಹೈಸ್ಕೂಲಿನಲ್ಲಿ ಬೋರ್ಡು ತುಂಬ ಬರೆದು ಕಲಿಸುತ್ತೇನೆ. ಆ ಪಾಠವನ್ನು ಗಿರಣಿಗೆ ಒಯ್ಯಬಹುದೆಂದು ಹನ್ನೊಂದು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ. ಮೂರನೆಯ ತರಗತಿಯ ಹುಡುಗಿಗೆ ನಿಂತ ಜಾಗದಲ್ಲಿಯೇ ಹೊಳೆದಿತ್ತು. ಇವಳು ನನ್ನ ಮಗಳು ಎಂದು ಎದ್ದು ನಿಂತು ಕೂಗಬೇಕು ಅನ್ನಿಸಿತು. ಬಾಯಲ್ಲಿ ರೊಟ್ಟಿ ಇತ್ತು.

ಮರುದಿನ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಆ ಕೊರತೆಯನ್ನು ತೀರಿಸಿಕೊಂಡೆ. ಅಲ್ಲಿ ಎಲ್ಲರಿಗೂ ಹೇಳಿಕೊಳ್ಳಲು ಏನಾದರೂ ಇರುತ್ತದೆ. ಒಬ್ಬರ ಮಗ ಮೂವತ್ತರ ಮಗ್ಗಿ ಹೇಳುತ್ತಾನೆ, ಇನ್ನೊಬ್ಬರ ಮಗಳು ಭಾಷಣದಲ್ಲಿ ಕಪ್ಪು ತಂದಿದ್ದಾಳೆ. ನಮ್ಮ ಶ್ರೇಯಾ ಅಂಕಗಳಲ್ಲಿ ನಡುವಿನವಳು, ಹಾಡು ಬರುವುದಿಲ್ಲ, ಅಕ್ಷರವಂತೂ ಅವಳ ಟೀಚರಿಗೇ ಓದಲು ಬರಬೇಕು. ಆದ್ದರಿಂದ ಇಷ್ಟು ವರ್ಷ ನಾನು ಆ ಹೊತ್ತಿನಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕೂಡುತ್ತಿದ್ದೆ. ಆ ಸೋಮವಾರ ಉತ್ತರಪತ್ರಿಕೆ ಮುಚ್ಚಿಟ್ಟು ಗಿರಣಿಯ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಟೇಲರ್ ಅಂಗಡಿಯ ಭಾಗವನ್ನು ಸ್ವಲ್ಪ ಚಿಕ್ಕದು ಮಾಡಿದೆ. ಬುಧವಾರ ಮತ್ತೊಮ್ಮೆ ಹೇಳುವಾಗ ವಿಜ್ಞಾನದ ಮಾಸ್ತರು ಕೈಮುಗಿದರು.

ಅಲ್ಲಿಂದ ಪ್ರತಿ ಆದಿತ್ಯವಾರ ಗಿರಣಿ ಅವಳದೇ. ಈಚೆಗೆ ಒಂದು ವಾರ ಮಾತ್ರ ಅವಳಿಗೆ ನೆಗಡಿ, ಜ್ವರ. ಡಬ್ಬಿ ಮತ್ತೆ ನನ್ನ ಕೈಗೆ ಬಂತು. ನಮ್ಮ ಪಾಳಿ ಬಂತು ಎನ್ನುವಾಗ ನಡುವೆ ಒಂದು ಡಬ್ಬಿ ತೂರಿ ಬಂತು. ಜೋಳದ ಸಾಲಿನಲ್ಲಿ ಗೋದಿಯ ಡಬ್ಬಿ. ಅಂದು ಗಂಗವ್ವನಿಗೆ ಯಾವುದೋ ಅವಸರವಿತ್ತು.

"ಮಾಸ್ತರ್ರ, ಇವತ್ತೊಂದ ದಿನ ಬಿಡ್ರಿ. ಈಟ ಐತಿ."

ನನ್ನ ತಲೆ ಹೂಂ ಎನ್ನಲು ಆಗಲೇ ಹೊರಟಿತ್ತು. ಅದನ್ನು ಹಿಡಿದು ನಿಲ್ಲಿಸಿದೆ. ಗಂಟಲು ಸರಿಮಾಡಿಕೊಂಡೆ. "ನಂದೇನಿಲ್ಲ ಗಂಗವ್ವಾ, ನೀವು ಹಾಕ್ರಿ" ಎಂದೆ. "ಆದ್ರ ಮನ್ಯಾಗ ಶ್ರೇಯಾ ಕೇಳತಾಳ್ರಿ. ಯಾರ ನಡಕ ಬಂದ್ರು ಅಂತ ಹೆಸರ ಹೇಳಬೇಕಾಗತೈತಿ."

ಗಂಗವ್ವನ ಕೈ ಡಬ್ಬಿಯ ಮೇಲೆಯೇ ನಿಂತಿತು. "ಅಯ್ಯ, ಅಕಿ ಮುಂದ ಹೇಳಬ್ಯಾಡ್ರಿ ಮತ್ತ. ಮೊದಲ ನಿಮ್ಮದ ಹಾಕ್ರಿ" ಎಂದು ಡಬ್ಬಿ ಎಳೆದುಕೊಂಡು ಗೋದಿಯ ಸಾಲಿನ ಕೊನೆಗೆ ಹೋಗಿ ನಿಂತಳು.

ಮನೆಗೆ ಬಂದಾಗ ಸುನಂದಾ ಹಿಟ್ಟು ಮುಟ್ಟಿ ನೋಡಿ ನನ್ನ ಮುಖ ನೋಡಿದಳು. "ಯಾರೂ ನಡಕ ಬರಲಿಲ್ಲೇನ್ರಿ?"

"ಬಂದಿದ್ರು. ಗಂಗವ್ವ ಬಂದಿದ್ಲು. ಒಂದ ಮಾತ ಹೇಳಿದೆ ನೋಡು, ಡಬ್ಬಿ ತಗೊಂಡ ಹಿಂದ ಸರದ್ಲು."

ಹೊದಿಕೆಯೊಳಗಿನಿಂದ ಶ್ರೇಯಾ ತಲೆ ಹೊರಗೆ ಹಾಕಿದಳು. ಮೂಗು ಕೆಂಪಾಗಿತ್ತು, ಕಣ್ಣು ಅರಳಿದ್ದವು. "ಖರೇನ ಅಪ್ಪಾ? ನೀನ ಹೇಳಿದ್ಯಾ? ಶಾಣ್ಯಾ ಆದಿ ನೋಡ" ಎಂದು ನನ್ನ ಕೈಯನ್ನು ತನ್ನ ಬಿಸಿ ಕೈಯಿಂದ ಎರಡು ಸಲ ತಟ್ಟಿದಳು.

ಯಾವ ಮಾತು ಹೇಳಿದೆ ಎಂದು ಆಗಲೇ ಹೇಳಿಬಿಡಬೇಕಾಗಿತ್ತು. ಆದರೆ ಮಗಳು ಅಪ್ಪನ ಬಗ್ಗೆ ಹೆಮ್ಮೆ ಪಡುವ ಗಳಿಗೆ ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಬರುವಂಥದ್ದಲ್ಲ. ಮಧ್ಯಾಹ್ನ ತಟ್ಟೆಯ ಮುಂದೆ ಕುಳಿತು, ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.