ತಳ್ಳಬಾರದ ಗಾಡಿ

ತೊಂದರೆ ಶುರುವಾದದ್ದು ಕುತ್ತಿಗೆ ನೋವಿನಿಂದ. ಕೊಟ್ಟಿಗೆಯ ಗೊಬ್ಬರವನ್ನು ಬುಟ್ಟಿ ಬುಟ್ಟಿಯಾಗಿ ತಲೆಯ ಮೇಲೆ ಹೊತ್ತು ಮೇಲಿನ ಹೊಲಕ್ಕೆ ಸಾಗಿಸಿ ಸಾಗಿಸಿ ಅವನ ಕುತ್ತಿಗೆ ಆಮೆಯ ಕುತ್ತಿಗೆಯಂತೆ ಒಳಗಿಳಿಯತೊಡಗಿತ್ತು. ಹಿಡಿದದ್ದನ್ನು ಬಿಡುವವನಲ್ಲ ಎಂದು ಊರೆಲ್ಲ ಅವನನ್ನು ಉಡ ಎಂದೇ ಕರೆಯುತ್ತಿತ್ತು. ಈ ಸಲ ಉಡ ಹಿಡಿದದ್ದು ಕರೆಂಟಿನ ಗಾಡಿಯನ್ನು.

ಮುಂದೊಂದು ಸೀಟು, ಹಿಂದೆ ಮಂಚದಷ್ಟಗಲದ ತೊಟ್ಟಿ. ಕಥೆಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿದ್ದಂತೆ ಇದರ ಪ್ರಾಣ ಕೊಟ್ಟಿಗೆ ಗೋಡೆಯ ಪ್ಲಗ್ಗಿನಲ್ಲಿತ್ತು. ಅಂಗಡಿಯವನು, ಓಡಿಸಿ ನೋಡಿ ಆಮೇಲೆ ಹೇಳಿ ಎಂದು ಬಿಟ್ಟುಹೋಗಿದ್ದ.

ಅಮ್ಮನಿಗೆ ಅದನ್ನು ಕಂಡರಾಗದು. "ಹುಲ್ಲು ತಿನ್ನಲ್ಲ, ಸಗಣಿ ಹಾಕಲ್ಲ, ಕರೆದರೆ ತಿರುಗಿ ನೋಡಲ್ಲ. ಇದೆಂಥ ಗಾಡಿಯೋ!" ಕೊನೆಗೆ ಒಂದು ಸಂಜೆ ಷರತ್ತು ಹಾಕಿದಳು. "ನಾಳೆ ಕತ್ತಲಾಗೋದರೊಳಗೆ ಒಂದು ಗಾಡಿ ಗೊಬ್ಬರ ಹೊಲ ಸೇರಬೇಕು. ದಾರೀಲಿ ಯಾರಾದರೂ ಒಂದೇ ಒಂದು ಸಲ ತಳ್ಳಿದರೂ ಅಂಗಡಿಗೆ ವಾಪಸ್. ನೀನುಂಟು, ನಿನ್ನ ಬುಟ್ಟಿಯುಂಟು."

"ಆಗಲಿ" ಎಂದ ಉಡ, ರಾತ್ರಿಯಿಡೀ ಚಾರ್ಜಿಗಿಟ್ಟ. ಆ ಧೈರ್ಯದಲ್ಲೇ ಬೆಳಿಗ್ಗೆ ಚಾರ್ಜು ತೋರಿಸುವ ಮುಳ್ಳಿನ ಕಡೆ ಕಣ್ಣೂ ಹಾಯಿಸದೆ, ಗೊಬ್ಬರ ಗೋಪುರದಂತೆ ಪೇರಿಸಿಕೊಂಡು ಹೊರಟ.

ಗಾಡಿ ಬೆಕ್ಕಿನ ಹೆಜ್ಜೆಯಲ್ಲಿ ಬೀದಿಗಿಳಿಯಿತು. ದರ್ಜಿಯ ಅಂಗಡಿಯ ಮುಂದೆ ಬಂದದ್ದೇ ಒಮ್ಮೆ ನಿಟ್ಟುಸಿರಿಟ್ಟು ನಿಂತೇಬಿಟ್ಟಿತು. ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು.

ಅಳತೆ ಕೊಡುತ್ತಿದ್ದ ಗಿರಾಕಿ ಮೂಗು ಮುಚ್ಚಿಕೊಂಡು ಓಡಿದ. ದರ್ಜಿ ಕತ್ತರಿ ಹಿಡಿದೇ ಹೊರಬಂದ. "ಏನಯ್ಯಾ ಉಡ, ಊರಗಲ ಜಾಗದಲ್ಲಿ ನನ್ನ ಬಾಗಿಲೇ ಸಿಕ್ಕಿತಾ? ಸರಿ, ತಳ್ತೀನಿ."

"ಕೈ ಹಚ್ಚಬೇಡ!" ಉಡ ಗಾಡಿಗೂ ದರ್ಜಿಗೂ ನಡುವೆ ಬೇಲಿಯಂತೆ ನಿಂತ.

"ಪುಕ್ಕಟೆ ತಳ್ತೀನಿ ಅಂದರೂ ಬೇಡವಾ?"

"ತಳ್ಳಿದರೆ ನನ್ನ ಕುತ್ತಿಗೆ ಹೋಯ್ತು!"

ಸದ್ದಿಗೆ ಎದುರು ಮನೆಯ ನಿವೃತ್ತ ಮೇಷ್ಟ್ರು ಬಂದರು. ಪಕ್ಕದ ಹಿಟ್ಟಿನ ಗಿರಣಿಯಿಂದ ಗಿರಣಿ ಅಕ್ಕ ಬಂದಳು. ರೆಪ್ಪೆಯವರೆಗೂ ಹಿಟ್ಟು ಮೆತ್ತಿಕೊಂಡು ಗೋಡೆಯಿಂದ ಎದ್ದುಬಂದ ಗೊಂಬೆಯಂತಿದ್ದಳು. ಎಲ್ಲರೂ ತಳ್ಳಲು ತೋಳೇರಿಸಿದರು. ಕಷ್ಟದಲ್ಲಿ ನೆರವಿಗೆ ಬಾರದ ನೆರೆಯವರನ್ನು ಊರು ಕಂಡಿತ್ತು. ನೆರವಿಗೆ ಬಂದವರನ್ನು ಅಡ್ಡ ನಿಂತು ಓಡಿಸುವವನನ್ನು ಅಂದೇ ಕಂಡದ್ದು.

ಷರತ್ತಿನ ಕಥೆ ಕೇಳಿದ ಮೇಲೆ ಗಿರಣಿ ಅಕ್ಕ ನಕ್ಕಳು. "ತಳ್ಳಬಾರದು ತಾನೇ? ಕರೆಂಟು ಕುಡಿಸಬಾರದು ಅಂತ ಇಲ್ಲವಲ್ಲ!"

ಗಿರಣಿಯ ವೈರು ಅರ್ಧ ದಾರಿಗೇ ಮುಗಿಯಿತು. ಅದಕ್ಕೆ ದರ್ಜಿಯ ಇಸ್ತ್ರಿಪೆಟ್ಟಿಗೆಯದನ್ನು ಜೋಡಿಸಿದರು. ಇನ್ನೂ ಮೊಳದಷ್ಟು ಸಾಲದೆ ಮೇಷ್ಟ್ರ ಮನೆಯ ವೈರನ್ನೂ ಕಿತ್ತು ತಂದರು, ಅವರ ಟಿ.ವಿ. ಕಣ್ಣುಮುಚ್ಚಿತು. ಕೊನೆಗೂ ವೈರು ಗಾಡಿ ಮುಟ್ಟಿತು; ಮುಟ್ಟಿದ ಕೂಡಲೇ ಊರಿನ ಕರೆಂಟು ಹೋಯಿತು.

"ಕೂತಿರ್ತೀನಿ" ಎಂದ ಉಡ, ಚಕ್ರಕ್ಕೆ ಒರಗಿ ಕೂತೇಬಿಟ್ಟ. ಬಿಸಿಲು ಏರಿತು, ವಾಸನೆಯೂ ಏರಿತು. ದರ್ಜಿ ಮೂಗಿಗೆ ಬಟ್ಟೆ ಚೂರು ಕಟ್ಟಿಕೊಂಡು ಹೊಲಿದ.

ಕರೆಂಟು ಮರಳುವ ಹೊತ್ತಿಗೆ ಎಲ್ಲಿಂದಲೋ ಬಂದ ಎಮ್ಮೆಯೊಂದು ಗಾಡಿಯ ಹಿಂಬದಿಗೆ ಬೆನ್ನು ಕೊಟ್ಟು ಉಜ್ಜಿತು. ಗಾಡಿ ಗೇಣುದ್ದ ಮುಂದೆ ಸರಿಯಿತು. ಉಡನ ಮುಖ ಬೂದಿಯಾಯಿತು.

"ತಳ್ಳಿದ ಹಾಗಾಯ್ತಲ್ಲಾ, ಮೇಷ್ಟ್ರೇ?"

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಯೋಚಿಸಿದರು. "ಇಲ್ಲ. ಎಮ್ಮೆ ತಳ್ಳಿಲ್ಲ, ಮೈ ಕೆರ್ಕೊಂಡಿದೆ. ಉದ್ದೇಶ ಮುಖ್ಯ ಕಣಪ್ಪ."

ಹೊತ್ತು ಇಳಿಯುವಾಗ ಮುಳ್ಳು ಎದ್ದು ಕೂತಿತು. ಗಾಡಿ ಹೊಲಕ್ಕೇರಿತು, ಗೊಬ್ಬರ ಇಳಿಯಿತು. ಕತ್ತಲಾಗುವ ಮುನ್ನ ಉಡ ಗೆದ್ದ ರಾಜನಂತೆ ಮನೆ ಮುಂದೆ ಬಂದು ನಿಂತ. ಹಿಂದೆ ಸಾಕ್ಷಿ ನುಡಿಯಲು ಮೂವರೂ ಬಂದಿದ್ದರು.

ಅಮ್ಮ ಜಗಲಿಯಲ್ಲೇ ಕಾಯುತ್ತಿದ್ದಳು. "ಯಾರಾದರೂ ತಳ್ಳಿದರೇನೋ?"

"ಒಬ್ಬರೂ ಇಲ್ಲಮ್ಮ!"

"ಎಮ್ಮೆಯ ವಿಚಾರ..." ಎಂದು ಬಾಯಿ ತೆರೆದ ಮೇಷ್ಟ್ರನ್ನು ದರ್ಜಿ ಚಿವುಟಿದ.

ಅಮ್ಮ ಮುಖ ಗಂಟಿಕ್ಕುತ್ತಾಳೆಂದು ಉಡ ಕಾದ. ಅವಳು ಎದೆಯ ಮೇಲೆ ಕೈಯಿಟ್ಟು ಉಸಿರುಬಿಟ್ಟಳು. "ಸದ್ಯ, ಉಳೀತು! ನೀನೆಲ್ಲಿ ಸೋತು ಗಾಡಿ ಕೈಬಿಟ್ಟು ಹೋಗುತ್ತೋ ಅಂತ ಬೆಳಿಗ್ಗೆಯಿಂದ ಗಂಟಲಲ್ಲಿ ತುತ್ತು ಇಳಿದಿಲ್ಲ ಕಣೋ."

"ಅಮ್ಮಾ?"

"ಇವತ್ತು ನಸುಕಲ್ಲಿ, ನೀನೇಳೋ ಮುಂಚೆ, ಸುಮ್ಮನೆ ಕೂತು ನೋಡೋಣ ಅಂತ ಹತ್ತಿದೆ. ಅದೇನು ಒತ್ತಿದೆನೋ, ಹೊರಟೇಬಿಡ್ತು! ಕೆರೆ ದಂಡೆ ಸುತ್ತಿ ನಿನ್ನ ದೊಡ್ಡಮ್ಮನ ಮನೆಗೆ ಹೋದೆ. ಅವಳೂ ಬರ್ತೀನಿ ಅಂದಳು. ತೊಟ್ಟೀಲಿ ಕೂರಿಸ್ಕೊಂಡು ಮತ್ತೆ ಮೂರು ಸುತ್ತು. ಮಂಡಿ ಅನ್ನೋದು ಮೈಯಲ್ಲಿದೆ ಅನ್ನೋದೇ ಮರೆತುಹೋಯ್ತು."

ಗಿರಣಿ ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಉಡನಿಗೆ ಚಾರ್ಜು ಹೋದ ದಾರಿ ಈಗ ಕಾಣಿಸಿತು.

ಅಷ್ಟರಲ್ಲಿ ಅಮ್ಮ ತೊಟ್ಟಿಯೊಳಗೆ ಇಣುಕಿದಳು. "ಅಯ್ಯೋ, ಇದೇನೋ ನಿನ್ನ ಕರ್ಮ! ದೊಡ್ಡಮ್ಮ ಕೂರೋ ಜಾಗದಲ್ಲಿ ಗೊಬ್ಬರ ತುಂಬಿದ್ಯಾ? ಹೋಗು, ತೊಳಿ! ನಾಳೆ ನಸುಕಿಗೇ ನಾವಿಬ್ಬರೂ ಹೊರಡಬೇಕು. ಸಂಜೆ ಇನ್ನೊಂದು ಸುತ್ತು. ಇನ್ನುಮೇಲೆ ಇದರೊಳಗೆ ಒಂದು ಹಿಡಿ ಸಗಣಿ ಬಿದ್ದರೂ ನೋಡು!"

"ಹಾಗಾದರೆ ಮಿಕ್ಕ ಗೊಬ್ಬರ?"

"ಗೊಬ್ಬರಕ್ಕೆ ಬುಟ್ಟಿ ಇದೆ," ಎನ್ನುತ್ತಾ ಅಮ್ಮ ಸೀಟಿನ ಧೂಳನ್ನು ತನ್ನ ಸೆರಗಿನಿಂದಲೇ ಒರೆಸಿದಳು, "ಬುಟ್ಟಿಗೆ ನಿನ್ನ ತಲೆ ಇದೆ."