ತೊಡೆಯ ಮೇಲೆ ಕಾಲು, ಕಣ್ಣಿಗೆ ಕೈ

ಈ ಜನ್ಮದಲ್ಲಿ ನಾನು ಒಂದು ಲಾಗವನ್ನೂ ಹಾಕಿದವಳಲ್ಲ. ನೆಲಕ್ಕೆ ಬಿದ್ದ ಸೀಮೆಸುಣ್ಣ ಎತ್ತುವುದಕ್ಕೂ ಮುಂದಿನ ಬೆಂಚಿನ ಮಕ್ಕಳನ್ನೇ ಕರೆಯುವವಳು. ಅಂಥ ನಾನು ಕುಮಟೆಯ ಶಾಲೆಯಲ್ಲಿ ಜಿಮ್ನಾಸ್ಟಿಕ್ಸ್ ಕಲಿಸುತ್ತಿದ್ದೇನೆ ಎಂಬುದನ್ನು ನನ್ನ ಗಂಡ ಇನ್ನೂ ನಂಬಿಲ್ಲ. ಆದದ್ದಿಷ್ಟೇ. ದೈಹಿಕ ಶಿಕ್ಷಕರು ವರ್ಗವಾಗಿ ಹೋದರು, ಹೊನ್ನಾವರದಲ್ಲಿ ತರಬೇತಿ ಇತ್ತು, ಅಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಒಟ್ಟಿಗೇ ಸೊಂಟನೋವು ಬಂತು. ನನ್ನ ಮಂಡಿನೋವು ನಿಜವಾದದ್ದು, ಹಾಗಾಗಿ ಯಾರೂ ನಂಬಲಿಲ್ಲ. ವಿಜ್ಞಾನದ ಟೀಚರಿಗೆ ಗುರುತ್ವ ಕೇಂದ್ರ ಗೊತ್ತಿರುತ್ತದೆ ಎಂದು ಹೆಡ್ ಮಾಸ್ತರರು ನನ್ನನ್ನೇ ಬಸ್ಸು ಹತ್ತಿಸಿದರು.

ಅಲ್ಲಿಂದ ಕಲಿತು ತಂದದ್ದು ಜೋಡಿ ಸಮತೋಲನ. ಒಬ್ಬಳು ಕುರ್ಚಿಯಲ್ಲಿ ಕೂತಂತೆ ಮಂಡಿ ಬಗ್ಗಿಸಿ ನಿಲ್ಲಬೇಕು, ಇನ್ನೊಬ್ಬಳು ಅವಳ ತೊಡೆಯ ಮೇಲೆ ಕಾಲಿಟ್ಟು ಏರಬೇಕು. ಇಬ್ಬರೂ ಮಣಿಕಟ್ಟು ಹಿಡಿದುಕೊಂಡು ಹಿಂದಕ್ಕೆ ವಾಲಬೇಕು. ಕೈ ಬಿಟ್ಟರೆ ಇಬ್ಬರೂ ಚಾಪೆಗೆ. ಏರುವುದು, ನಿಲ್ಲುವುದು, ಇಳಿದು ಮುಂದಿನ ಭಂಗಿಗೆ ಹೋಗುವುದು ಎಲ್ಲ ಸೇರಿದರೆ ಒಂದು ಸರಣಿ. ಅದನ್ನು ಶಾಲೆಯ ವಾರ್ಷಿಕೋತ್ಸವದ ಗ್ಯಾದರಿಂಗಿನಲ್ಲಿ ಮಾಡಿಸುತ್ತೇನೆಂದು ಮೀಟಿಂಗಿನಲ್ಲಿ ಜಂಬ ಕೊಚ್ಚಿದ್ದು ನಾನೇ. "ಸ್ಟೇಜಿನ ಮೇಲೆ ಮಕ್ಕಳು ಬಿದ್ರೆ ಊರವ್ರಿಗೆ ಉತ್ತರ ಕೊಡುದು ನಾನು. ಪ್ರಾಕ್ಟೀಸಿನಲ್ಲಿ ನೆಟ್ಟಗೆ ನಿಂತ್ರೆ ಆತು, ಇಲ್ಲಾಂದ್ರೆ ಕೋಲಾಟ" ಎಂದರು ಹೆಡ್ ಮಾಸ್ತರರು.

ಮೊದಲ ಜೋಡಿ ನಾಗವೇಣಿ ಮತ್ತು ಸಹನಾ. ತದಡಿಯ ನಾಗವೇಣಿ ಅಪ್ಪನ ದೋಣಿಯಲ್ಲಿ ನಿಂತು ಬೆಳೆದವಳು, ಸುಲಭಕ್ಕೆ ಅಲುಗುವವಳಲ್ಲ. ಹೊಳನಗದ್ದೆಯ ಸಹನಾ ಹಗುರ. ಸಹನಾ ಏರಿದಳು, ನಿಂತಳು. ನಾನು ಚಪ್ಪಾಳೆ ತಟ್ಟುವಷ್ಟರಲ್ಲಿ ಬಲಗೈ ಬಿಡಿಸಿಕೊಂಡು ನಾಗವೇಣಿಯ ಭುಜ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಇಬ್ಬರೂ ದೊಪ್ಪೆಂದು ಚಾಪೆಯ ಮೇಲೆ.

ಅವಳದ್ದೂ ತಪ್ಪಲ್ಲ. ಬಸ್ಸಿನ ನೂಕುನುಗ್ಗಲಿನಲ್ಲೂ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ ನಾವು. ಪುಸ್ತಕಕ್ಕೆ ತಾಗಿದರೂ ಅಷ್ಟೇ, ಅಕ್ಕಿಯ ಚೀಲಕ್ಕೆ ತಾಗಿದರೂ ಅಷ್ಟೇ. ಇಲ್ಲಿ ಗೆಳತಿಯನ್ನೇ ತುಳಿದು ನಿಲ್ಲು ಎನ್ನುತ್ತಿದ್ದೇನೆ! "ಎಂತ ಮಾಡುದು ಟೀಚರ್, ಕೈ ತನ್ನಷ್ಟಕ್ಕೇ ಹೋಗ್ತದೆ" ಎಂದಳು ಸಹನಾ. ನಾನು ಗುರುತ್ವ ಕೇಂದ್ರದ ಮೇಲೆ ದೀರ್ಘ ಉಪನ್ಯಾಸ ಕೊಟ್ಟೆ. "ಆತು ಟೀಚರ್" ಎಂದು ತಲೆಯಾಡಿಸಿ, ಮತ್ತೆ ಏರಿ, ಮತ್ತೆ ಕಣ್ಣಿಗೊತ್ತಿಕೊಂಡು ಬಿದ್ದಳು. ಏರುವ ಮೊದಲೇ ನಮಸ್ಕಾರ ಮುಗಿಸಿಬಿಡು ಎಂದೆ. ಮುಗಿಸಿದಳು, ಏರಿದಳು, ಬಿದ್ದಳು. "ತಾಗುಕಿಂತ ಮೊದ್ಲೇ ಮಾಡಿದ್ದು ಹ್ಯಾಂಗೆ ಲೆಕ್ಕಕ್ಕೆ ಬರ್ತದೆ ಟೀಚರ್?" ಎಂದು ನನ್ನನ್ನೇ ಕೇಳಿದಳು.

ಉಳಿದ ಜೋಡಿಗಳಿಗೂ ಅದೇ ರೋಗ. ಜಗಲಿಯಲ್ಲಿ ನಿಂತು ನೋಡುತ್ತಿದ್ದ ಹೆಡ್ ಮಾಸ್ತರರು ಕಪಾಟಿನಿಂದ ಕೋಲುಗಳನ್ನು ತೆಗೆಸಿ ಧೂಳು ಒರೆಸಲು ಹೇಳಿದರು. ನಾಗವೇಣಿಯ ಕಣ್ಣಲ್ಲಿ ನೀರು. "ಕೋಲಾಟ ಬ್ಯಾಡ ಟೀಚರ್. ನಾನು ಸಹನಾನ ಎತ್ತುತ್ತೇನೆ ಅಂತ ಅಮ್ಮನ ಹತ್ರ ಹೇಳಿಬಿಟ್ಟಿದ್ದೆ." ನನಗೆ ಅವಳ ಮೇಲೆ ಬಹಳ ಕನಿಕರವಾಯಿತು, ನನ್ನ ಮೇಲೆ ಇನ್ನೂ ಸ್ವಲ್ಪ ಹೆಚ್ಚು. ಕೊನೆಗೆ ಸೋತು ಹೇಳಿದೆ: "ಇಳಿಯುವ ತನಕ ಕೈ ಬಿಡಬೇಡಿ ಮಾರಾಯ್ತಿಯರೇ. ಆಮೇಲೆ ಪರದೆಯ ಹಿಂದೆ ಹೋಗಿ ಎಷ್ಟು ಬೇಕಾದರೂ ಕಣ್ಣಿಗೊತ್ತಿಕೊಳ್ಳಿ." ಅಂದಿನಿಂದ ಯಾರೂ ಬೀಳಲಿಲ್ಲ, ಕೋಲುಗಳು ಕಪಾಟಿಗೆ ಮರಳಿದವು.

ಗ್ಯಾದರಿಂಗಿನ ದಿನ ಎಲ್ಲ ಜೋಡಿಗಳೂ ನೆಟ್ಟ ಕಂಬದಂತೆ ನಿಂತವು. ನನಗೆ ಖುಷಿಯಿಂದ ಅಳುವೇ ಬಂತು. ಆದರೆ ಪರದೆಯ ತನಕ ಕಾಯುವ ತಾಳ್ಮೆ ಅವರಿಗೆಲ್ಲಿ? ಇಳಿದದ್ದೇ ತಡ, ಎಲ್ಲರೂ ಒಟ್ಟಿಗೆ, ಹಿನ್ನೆಲೆಯ ತಬಲಾದ ತಾಳಕ್ಕೆ ಸರಿಯಾಗಿ, ಜೊತೆಗಾರ್ತಿಯರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಸಭೆಗೆ ಸಭೆಯೇ ಎದ್ದು ಚಪ್ಪಾಳೆ ತಟ್ಟಿತು. "ಕಸರತ್ತಿನಲ್ಲೂ ಎಂಥ ಸಂಸ್ಕಾರ! ಇದನ್ನು ಕಲಿಸಿದ ಟೀಚರ್ ಯಾರು?" ಎಂದು ಅತಿಥಿಗಳು ಮೈಕಿನಲ್ಲೇ ಕೇಳಿದರು. ಹೆಡ್ ಮಾಸ್ತರರು ನನ್ನನ್ನು ಮುಂದೆ ತಳ್ಳಿದರು. ನಾಚಿಕೆಯಿಂದ ತಲೆ ತಗ್ಗಿಸಿದೆ, ಎಷ್ಟು ವಿನಯ ಎಂದರು ಅತಿಥಿಗಳು. ನಾಗವೇಣಿಯ ಅಮ್ಮ ಮಾತ್ರ ಸಂಸ್ಕಾರದ ಸುದ್ದಿಗೇ ಹೋಗದೆ, "ನಮ್ಮ ಹುಡುಗಿ ಎಷ್ಟು ಚಂದ ಎತ್ತಿತು ಅಲ್ದಾ?" ಎಂದು ನನ್ನ ಕೈ ಹಿಡಿದುಕೊಂಡರು.

ಈ ವರ್ಷ ಹೊಸ ತಂಡ. ಅದರಲ್ಲೊಬ್ಬಳು ಎಷ್ಟು ಹೊತ್ತಾದರೂ ಅಲುಗದೆ ನಿಲ್ಲುತ್ತಾಳೆ, ಇಳಿದವಳೇ ನೀರು ಕುಡಿಯಲು ಓಡುತ್ತಾಳೆ. ನಿನ್ನೆ ಅವಳನ್ನು ತಡೆದು, "ಗೆಳತಿಯ ಮೇಲೆ ಕಾಲಿಟ್ಟು ಹಾಗೇ ಓಡ್ತೀಯಾ? ಮನೆಯಲ್ಲಿ ಇಷ್ಟೂ ಕಲಿಸಲಿಲ್ವಾ?" ಎಂದು ಚೆನ್ನಾಗಿ ಗದರಿದೆ. ಈ ನಮಸ್ಕಾರವನ್ನು ಸರಣಿಗೆ ಸೇರಿಸಿದವಳು ನಾನೇ ಎಂಬುದರಲ್ಲಿ ಈಗ ನನಗೂ ಅನುಮಾನ ಉಳಿದಿಲ್ಲ.